ನಗುವಿನ ಮೂಗರ್ಜಿ

ಕುಡಿತದ ಹಾಡಿನ ಪಲ್ಲವಿಯಾಗಿ ಹುಟ್ಟಿದ ‘ಲ್ಯಾಂಪೂನ್’ ಎಂಬ ಪದ ಕವಿಯೊಬ್ಬನ ಬೆನ್ನು, ನಿಘಂಟುಕಾರನ ಮೇಜು, ಕಾಲೇಜು ಹುಡುಗರ ಕೈ, ಸುಪ್ರೀಂ ಕೋರ್ಟಿನ ಪೀಠ ಎಲ್ಲವನ್ನೂ ಸುತ್ತಿ ಬಂದಿದೆ. ಬಂದ ದಾರಿಯುದ್ದಕ್ಕೂ ಅದು ಕೇಳಿಸಿಕೊಂಡ ಪ್ರಶ್ನೆ ಒಂದೇ: ಬರೆದವರು ಯಾರು?

1679ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಈ ತಿಂಗಳ 18ರ ರಾತ್ರಿ ಕೋವೆಂಟ್ ಗಾರ್ಡನ್ ಬಳಿಯ ರೋಸ್ ಸ್ಟ್ರೀಟಿನಲ್ಲಿ ಜಾನ್ ಡ್ರೈಡನ್ ಅವರ ಮೇಲೆ ಕೈಮಾಡಿದವರು ಯಾರೆಂದು ಪತ್ತೆ ಹಚ್ಚಿಕೊಟ್ಟವರಿಗೆ 50 ಪೌಂಡ್ ಬಹುಮಾನ. ಹಣವನ್ನು ಅಕ್ಕಸಾಲಿಗನೊಬ್ಬನ ಬಳಿ ಇಡಲಾಗಿದೆ. ಸುಳಿವು ಕೊಡುವವನು ಹೊಡೆದವರಲ್ಲೇ ಒಬ್ಬನಾಗಿದ್ದರೂ ಚಿಂತೆಯಿಲ್ಲ, ಹಣ ಅವನಿಗೇ. ಅವನ ಹೆಸರು ಹೊರಗೆ ಬರುವುದಿಲ್ಲ, ಕೇಸೂ ಹಾಕುವುದಿಲ್ಲ.

ಅಡುಗೆಯಾಕೆಗೆ ವರ್ಷಕ್ಕೆ 4 ಪೌಂಡ್ ಸಂಬಳವಿದ್ದ ಕಾಲ ಅದು. 50 ಪೌಂಡ್ ಎಂದರೆ ಯಾರಾದರೂ ಬಾಯಿ ಬಿಡಬೇಕಿದ್ದ ಮೊತ್ತ. ಪೆಟ್ಟು ತಿಂದವನೂ ದಾರಿಹೋಕನಲ್ಲ. 1668ರಿಂದ ಇಂಗ್ಲೆಂಡಿನ ಆಸ್ಥಾನಕವಿ, ನಾಟಕಕಾರ, ನಲವತ್ತೆಂಟರ ಗೃಹಸ್ಥ. ವಿಲ್ಸ್ ಕಾಫಿಹೌಸಿನಲ್ಲಿ ಅವನು ಕೂರುವ ಕುರ್ಚಿಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅಂಥವನು ರಾತ್ರಿ ಎಂಟರ ಹೊತ್ತಿಗೆ ಕಾಫಿಹೌಸಿನಿಂದ ಲಾಂಗ್ ಏಕರಿನ ಮನೆಗೆ ನಡೆದು ಹೋಗುವಾಗ ಇಕ್ಕಟ್ಟಾದ ಓಣಿಯಲ್ಲಿ ಮೂವರು ದೊಣ್ಣೆ ಹಿಡಿದು ಬಿದ್ದರು.

ಕಾರಣ ಒಂದು ಪದ್ಯ. ಕಳೆದ ಕೆಲವು ವಾರಗಳಿಂದ ಅದು ಕೈಬರಹದ ಪ್ರತಿಗಳಲ್ಲಿ ಊರೆಲ್ಲ ಓಡಾಡುತ್ತಿತ್ತು. ಅದರಲ್ಲಿ ದೊರೆ ಎರಡನೇ ಚಾರ್ಲ್ಸ್, ಅವನ ಪ್ರೇಯಸಿ ಪೋರ್ಟ್ಸ್‌ಮತ್‌ನ ಡಚೆಸ್, ರಾಚೆಸ್ಟರ್‌ನ ಅರ್ಲ್ ಎಲ್ಲರಿಗೂ ಮಂಗಳಾರತಿ ಆಗಿತ್ತು. ಅದಕ್ಕೆ ಸಹಿ ಇರಲಿಲ್ಲ. ಇಷ್ಟು ಚೂಪಾಗಿ ಬರೆಯಬಲ್ಲವನು ಡ್ರೈಡನ್ನನೇ ಇರಬೇಕೆಂದು ಊರು ಗುಸುಗುಟ್ಟಿತು. ಅದರಲ್ಲಿ ಅವನ ಪಾಲಿದೆಯೆಂದು ರಾಚೆಸ್ಟರ್ ಕೂಡ ಗೆಳೆಯನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದ.

ಅದನ್ನು ಬರೆದವನು ಡ್ರೈಡನ್ ಅಲ್ಲ, ಮಲ್ಗ್ರೇವ್‌ನ ಅರ್ಲ್ ಜಾನ್ ಶೆಫೀಲ್ಡ್. ಮೂರು ವರ್ಷ ಕಳೆದ ಮೇಲೆ ಈ ಮಹಾಶಯ ತನ್ನ ಇನ್ನೊಂದು ಕಾವ್ಯದಲ್ಲಿ, ಬೇರೆಯವರ ಪದ್ಯಕ್ಕಾಗಿ ಡ್ರೈಡನ್ ಹೊಗಳಿಸಿಕೊಂಡ, ಹೊಡೆಸಿಕೊಂಡ ಎಂಬ ಅರ್ಥ ಬರುವ ಮಾತನ್ನು ತೇಲಿಸಿಬಿಟ್ಟ. ಅಷ್ಟೊತ್ತಿಗೆ ಡ್ರೈಡನ್ನನ ಗಾಯ ಮಾಯ್ದಿತ್ತು, ಅವಮಾನ ಮಾತ್ರ ಹಾಗೇ ಇತ್ತು. ರೋಸ್ ಸ್ಟ್ರೀಟಿನ ಹೆಸರೆತ್ತಿ ಅವನನ್ನು ಚುಚ್ಚುವುದು ಅವನ ವೈರಿಗಳಿಗೆ ವರ್ಷಗಟ್ಟಲೆ ಚಾಳಿಯಾಯಿತು.

ಸಹಿ ಇಲ್ಲದೆ, ಒಬ್ಬ ವ್ಯಕ್ತಿಯನ್ನೇ ಗುರಿಯಿಟ್ಟು, ನಗಿಸುತ್ತಲೇ ಮಾನ ಕಳೆಯುವ ಇಂಥ ಬರಹಕ್ಕೆ ಆಗ ಲಂಡನ್ನಿನಲ್ಲಿ ಬಳಕೆಯಲ್ಲಿದ್ದ ಹೆಸರು ಲ್ಯಾಂಪೂನ್. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹೆಸರು ಹಾಕದೆ ಬರುವ ದೂರಿಗೆ ‘ಮೂಗರ್ಜಿ’ ಎನ್ನುತ್ತಾರೆ. ಲ್ಯಾಂಪೂನ್ ಎಂದರೆ ಪ್ರಾಸ ಕಟ್ಟಿಕೊಂಡು ಬಂದ ಮೂಗರ್ಜಿ.

ಕುಡಿಯೋಣ, ಕುಡಿಯೋಣ

ಈ ಪದಕ್ಕೂ ಲ್ಯಾಂಪಿಗೂ ಯಾವ ನೆಂಟಸ್ತಿಕೆಯೂ ಇಲ್ಲ. 1640ರ ದಶಕದಲ್ಲಿ ಇಂಗ್ಲಿಷಿಗೆ ಬಂದ ಇದರ ತವರು ಫ್ರೆಂಚ್. ಅಲ್ಲಿ ‘ಲಾಂಪೇ’ ಎಂದರೆ ಗಟಗಟ ಕುಡಿಯುವುದು. ‘ಲಾಂಪೋನ್’ ಎಂದರೆ ‘ಕುಡಿಯೋಣ’. ಮದ್ಯದ ಮೇಜಿನ ಸುತ್ತ ಕೂತವರು ಯಾರನ್ನಾದರೂ ಗೇಲಿ ಮಾಡುವ ಎರಡೆರಡು ಸಾಲಿನ ಹಾಡು ಕಟ್ಟುತ್ತಿದ್ದರು. ಒಂದೊಂದು ದ್ವಿಪದಿ ಮುಗಿದಾಗಲೂ ‘ಲಾಂಪೋನ್, ಲಾಂಪೋನ್’ ಎಂದು ಎಲ್ಲರೂ ಸೊಲ್ಲೆತ್ತಿ ಲೋಟ ಖಾಲಿ ಮಾಡುತ್ತಿದ್ದರು. ನಿಘಂಟುಕಾರರು ಹೇಳುವ ಕತೆ ಇದು. ಬರಬರುತ್ತ ಪಲ್ಲವಿಯೇ ಹಾಡಿನ ಹೆಸರಾಯಿತು. ಸೋಬಾನೆ ಎಂಬ ಸೊಲ್ಲಿನಿಂದ ನಮ್ಮಲ್ಲಿ ಒಂದು ಜಾತಿಯ ಹಾಡಿಗೇ ಸೋಬಾನೆ ಪದವೆಂಬ ಹೆಸರು ಬಿದ್ದಂತೆ.

ಪದದ ಬಾಲ ನೋಡಿ: ಲ್ಯಾಂಪೂನ್, ಕಾರ್ಟೂನ್, ಬಫೂನ್, ಬಲೂನ್, ಹಾರ್ಪೂನ್. ಇಂಗ್ಲಿಷಿನ ಈ ‘ಊನ್’ ಮನೆತನದವರೆಲ್ಲ ಫ್ರೆಂಚ್ ಅಥವಾ ಇಟಾಲಿಯನ್ ಕಡೆಯಿಂದ ಬಂದು ನೆಲೆಸಿದವರು. ಕಾರ್ಟೂನ್ ಮೊದಲಿಗೆ ಚಿತ್ರಕಾರರು ಕರಡು ಬಿಡಿಸುತ್ತಿದ್ದ ದೊಡ್ಡ ದಪ್ಪ ಹಾಳೆ. 1843ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆ ಅದನ್ನು ನಗೆಚಿತ್ರಕ್ಕೆ ಇಟ್ಟುಕೊಂಡಿತು. ಬಫೂನ್ ಗಲ್ಲ ಊದಿಸಿ ನಗಿಸುವವನು. ಹಾರ್ಪೂನ್ ತಿಮಿಂಗಿಲಕ್ಕೆ ಎಸೆಯುವ ಈಟಿ. ಲ್ಯಾಂಪೂನಿಗೂ ಹಾರ್ಪೂನಿಗೂ ರಕ್ತಸಂಬಂಧವಿಲ್ಲ, ಪ್ರಾಸ ಕೂಡಿದ್ದೂ ಆಕಸ್ಮಿಕ. ಆದರೂ ಎರಡರ ಕಸುಬು ಹೆಚ್ಚುಕಡಿಮೆ ಒಂದೇ.

ಕುಡಿಯುವ ಮೇಜಿನಲ್ಲಿ ಹಾಡಿದಾಗ ಹಾಡುವವನ ಮುಖ ಎಲ್ಲರಿಗೂ ಕಾಣುತ್ತದೆ. ಹಾಡು ಕಾಗದಕ್ಕೆ ಇಳಿದ ದಿನ ಆ ಮುಖ ಮರೆಯಾಯಿತು. ಮುಂದಿನದೆಲ್ಲ ಅದರ ಪರಿಣಾಮ.

ಕಿಸೆಯಿಂದ ಕಿಸೆಗೆ

ಇಂಗ್ಲೆಂಡಿನಲ್ಲಿ ಲ್ಯಾಂಪೂನಿಗೆ ಸುಗ್ಗಿ ಬಂದದ್ದು 1660ರ ನಂತರ. ಮಡಿವಂತರ ಆಳ್ವಿಕೆ ಮುಗಿದು ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ್ದ. 1642ರಲ್ಲಿ ಬಾಗಿಲು ಹಾಕಿದ್ದ ನಾಟಕಶಾಲೆಗಳು ಮತ್ತೆ ತೆರೆದವು. ದೊರೆಯ ಪ್ರೇಯಸಿಯರು ಯಾರು, ಯಾರಿಗೆ ಯಾವ ಪದವಿ ಸಿಕ್ಕಿತು, ಖಜಾನೆಯಿಂದ ಎಷ್ಟು ಹೋಯಿತು ಎಂಬುದು ಊರಿನ ಮಾತಾಯಿತು. ಅಚ್ಚುಹಾಕಿಸಲು ಮಾತ್ರ ದಾರಿಯಿರಲಿಲ್ಲ. 1662ರ ಕಾಯಿದೆಯ ಪ್ರಕಾರ ಯಾವುದು ಮುದ್ರಣವಾಗಬೇಕಿದ್ದರೂ ಪರವಾನಗಿ ಬೇಕು. ಹಾಗಾಗಿ ಜನ ಕೈಬರಹಕ್ಕೆ ಮೊರೆಹೋದರು. ಮುದ್ರಣದ ಮೇಲೆ ಕಣ್ಣಿಡಲೆಂದೇ ನೇಮಕವಾಗಿದ್ದ ರೋಜರ್ ಲೆಸ್ಟ್ರೇಂಜ್, ಇಂಥ ಬರಹಗಳಲ್ಲಿ ಅಚ್ಚಿನ ಮನೆ ಕಾಣುವುದು ನಲವತ್ತಕ್ಕೆ ಒಂದೂ ಇಲ್ಲ, ಆದರೂ ಅಚ್ಚಾದಷ್ಟೇ ಹರಡುತ್ತವೆ ಎಂದು ಕೈಚೆಲ್ಲಿದ್ದ.

ಹರಡುವುದಕ್ಕೆ ಒಂದು ಕಸುಬೇ ಹುಟ್ಟಿಕೊಂಡಿತು. ರಾಬರ್ಟ್ ಜೂಲಿಯನ್ ಎಂಬವನು ಕೋಟಿನ ಕಿಸೆಯಲ್ಲಿ ನಕಲು ಮಾಡಿದ ಹಾಳೆಗಳನ್ನು ತುಂಬಿಕೊಂಡು ಕಾಫಿಹೌಸಿನಿಂದ ಕಾಫಿಹೌಸಿಗೆ ಸುತ್ತುತ್ತಿದ್ದ. ‘ಕಾವ್ಯದೇವಿಯರ ಕಾರ್ಯದರ್ಶಿ’ ಎಂದು ಅವನಿಗೆ ಅಡ್ಡಹೆಸರು. ಗಿರಾಕಿಗಳಲ್ಲಿ ಅರ್ಧ ಜನ ಬೇರೆಯವರ ಬಗ್ಗೆ ಏನಿದೆ ಎಂದು ಓದಲು ಕೊಳ್ಳುತ್ತಿದ್ದರೆ, ಇನ್ನರ್ಧ ಜನ ತಮ್ಮ ಹೆಸರಿದೆಯೇ ಎಂದು ಹುಡುಕಲು ಕೊಳ್ಳುತ್ತಿದ್ದಿರಬೇಕು. 1684ರಲ್ಲಿ ದೊರೆಯನ್ನು ಹಂಗಿಸಿದ ಹಾಳೆಯೊಂದಕ್ಕಾಗಿ ಅವನು ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದ. ಹಾಳೆ ಮಾರಿದವನಿಗೆ ಶಿಕ್ಷೆ, ಬರೆದವನು ಯಥಾಪ್ರಕಾರ ಕತ್ತಲಲ್ಲಿ.

ಕಾಫಿಹೌಸುಗಳನ್ನೇ ಮುಚ್ಚಿಬಿಟ್ಟರೆ ಹೇಗೆ ಎಂದು ಅರಮನೆ ಯೋಚಿಸಿತು. 1675ರ ಡಿಸೆಂಬರ್ 29ರಂದು ಹಾಗೊಂದು ಆಜ್ಞೆ ಹೊರಟಿತು; ಮುಂದಿನ ಜನವರಿ 10ರಿಂದ ಎಲ್ಲ ಬಂದ್. ಊರಿಗೆ ಊರೇ ಎದ್ದು ಕೂತದ್ದನ್ನು ಕಂಡು, ಜಾರಿಗೆ ಬರುವ ಮೊದಲೇ ದೊರೆ ಅದನ್ನು ಹಿಂದಕ್ಕೆ ಪಡೆದ.

ಅರಮನೆಯೊಳಗೂ ಲ್ಯಾಂಪೂನಿನ ಕಾರ್ಖಾನೆಯಿತ್ತು. ಅದರ ಮೇಸ್ತ್ರಿ ಮೇಲೆ ಹೇಳಿದ ರಾಚೆಸ್ಟರ್. ಒಮ್ಮೆ ದೊರೆ ಯಾವುದೋ ಒಂದು ಹಾಳೆ ಕೇಳಿದಾಗ, ಇವನು ಕಿಸೆಗೆ ಕೈಹಾಕಿ ಅವಸರದಲ್ಲಿ ದೊರೆಯ ಮೇಲೆಯೇ ಬರೆದಿದ್ದ ಪದ್ಯವನ್ನು ಕೊಟ್ಟನಂತೆ. ಅದು ಗೊತ್ತಾದ ಕೂಡಲೇ ಆಸ್ಥಾನ ಬಿಟ್ಟು ಓಡಿದನಂತೆ. 1673ರ ಕೊನೆಯ ಹೊತ್ತಿನ ಕತೆ. ಕೆಲವೇ ವಾರಗಳಲ್ಲಿ ಅವನು ಮರಳಿ ಬಂದ, ದೊರೆ ಕ್ಷಮಿಸಿದ.

ಎಲ್ಲರಿಗೂ ಇಂಥ ಕ್ಷಮೆ ಸಿಗುತ್ತಿರಲಿಲ್ಲ. ಸ್ಟೀಫನ್ ಕಾಲೇಜ್ ಎಂಬ ಬಡಗಿ ದೊರೆಯನ್ನು ಬೀದಿ ತೋರಿಕೆಯ ಆಟಗಾರನಂತೆ ಚಿತ್ರಿಸಿದ ಲಾವಣಿಯೊಂದನ್ನು ಕಟ್ಟಿದನೆಂಬ ಆಪಾದನೆಯೂ ಸೇರಿ, ರಾಜದ್ರೋಹದ ಹೆಸರಿನಲ್ಲಿ 1681ರ ಆಗಸ್ಟ್ 31ರಂದು ಆಕ್ಸ್‌ಫರ್ಡಿನಲ್ಲಿ ಪ್ರಾಣ ತೆತ್ತ. ಅದಕ್ಕೂ ಹಿಂದೆ, 1630ರ ದಶಕದಲ್ಲಿ, ವಿಲಿಯಂ ಪ್ರಿನ್ ಎಂಬ ಲೇಖಕ ತನ್ನ ಬರವಣಿಗೆಗೆ ಎರಡೂ ಕಿವಿಗಳನ್ನು ಕಳೆದುಕೊಂಡಿದ್ದ.

ಅಡಗಿ ಬರೆಯುವುದೆಲ್ಲ ಹೇಡಿತನವೆಂದು ತೀರ್ಪು ಕೊಡುವ ಮೊದಲು ಈ ಬಡಗಿಯನ್ನು ನೆನೆಯಬೇಕು. ಕಿವಿಯೋ ಕುತ್ತಿಗೆಯೋ ಹೋಗುವ ಕಾಲದಲ್ಲಿ ಬಡವನಿಗೆ ಅಜ್ಞಾತವೊಂದೇ ಕವಚ. ರೋಮ್ ನಗರದ ಬೀದಿಯಲ್ಲಿ 1501ರಲ್ಲಿ ನಿಲ್ಲಿಸಿದ ಪಾಸ್ಕ್ವಿನೋ ಎಂಬ ಮುಕ್ಕಾದ ಹಳೆಯ ಪ್ರತಿಮೆಯ ಮೇಲೆ ಜನ ರಾತ್ರೋರಾತ್ರಿ ಪೋಪರನ್ನು ಹಂಗಿಸುವ ಚೀಟಿ ಅಂಟಿಸುತ್ತಿದ್ದದ್ದೂ ಇದೇ ಕಾರಣಕ್ಕೆ. ಬಾಯಿಲ್ಲದ ಜನಕ್ಕೆ ಕಲ್ಲು ಬಾಯಾಗಿತ್ತು. ಮಲ್ಗ್ರೇವ್‌ನ ಕತೆ ಹಾಗಲ್ಲ. ಅವನು ಅರ್ಲ್, ಹಣವಂತ, ಸೇನೆಯಲ್ಲಿ ಅಧಿಕಾರಿ. ಅವನ ಅಜ್ಞಾತ ಅವನನ್ನು ಕಾಯಿತು; ದೊಣ್ಣೆ ಬಿದ್ದದ್ದು ಲೇಖನಿಯಿಂದ ಹೊಟ್ಟೆ ಹೊರೆಯುತ್ತಿದ್ದವನ ಬೆನ್ನಿಗೆ. ದುರ್ಬಲನ ಮುಸುಕಿಗೂ ಬಲಶಾಲಿಯ ಮುಸುಕಿಗೂ ಬಟ್ಟೆ ಒಂದೇ ಇರಬಹುದು, ಹೊದೆಯುವ ಕಾರಣ ಬೇರೆ.

ಕಟುಕ ಮತ್ತು ಕಸುಬುದಾರ

ಡ್ರೈಡನ್ ಪಾಪದವನೇನಲ್ಲ. ಥಾಮಸ್ ಶ್ಯಾಡ್‌ವೆಲ್ ಎಂಬ ನಾಟಕಕಾರನನ್ನು ಮಂಕು ಸಾಮ್ರಾಜ್ಯದ ಪಟ್ಟಕ್ಕೇರಿಸಿ ‘ಮ್ಯಾಕ್ ಫ್ಲೆಕ್ನೋ’ ಎಂಬ ಕಾವ್ಯ ಬರೆದವನು ಅವನೇ. ಅದೂ ವರ್ಷಗಟ್ಟಲೆ ಕೈಬರಹದಲ್ಲೇ ಓಡಾಡಿ, 1682ರಲ್ಲಿ ಅಚ್ಚಾದಾಗಲೂ ಅವನ ಹೆಸರು ಹೊತ್ತಿರಲಿಲ್ಲ. ವಿಧಿ ಅದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿತು. ರಾಜ್ಯ ಬದಲಾದಾಗ ಡ್ರೈಡನ್ ಆಸ್ಥಾನಕವಿಯ ಪದವಿ ಕಳೆದುಕೊಂಡ. 1689ರಲ್ಲಿ ಆ ಜಾಗಕ್ಕೆ ಬಂದವನು ಇದೇ ಶ್ಯಾಡ್‌ವೆಲ್.

ಲೇವಡಿಯನ್ನು ಕೊಟ್ಟು ತೆಗೆದುಕೊಂಡು ಪಳಗಿದ್ದ ಈ ಕವಿ 1693ರಲ್ಲಿ, ರೋಮನ್ ವಿಡಂಬನಕಾರರಾದ ಜುವೆನಲ್ ಮತ್ತು ಪರ್ಸಿಯಸ್ ಅವರ ಅನುವಾದಕ್ಕೆ ಬರೆದ ಉದ್ದನೆಯ ಮುನ್ನುಡಿಯಲ್ಲಿ, ಲ್ಯಾಂಪೂನ್ ಎಂದರೇನೆಂದು ನಿಂತು ಯೋಚಿಸಿದ. ಅದು ಅಪಾಯದ ಆಯುಧ, ಬಹುಪಾಲು ನ್ಯಾಯವಲ್ಲದ್ದು. ಇನ್ನೊಬ್ಬನ ಮಾನದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ ಎಂಬುದು ಅವನ ನಿಲುವು. ಎರಡೇ ಸಂದರ್ಭಗಳಿಗೆ ವಿನಾಯಿತಿ ಕೊಟ್ಟ. ಒಂದು, ನಮ್ಮ ಮೇಲೆ ಬಿದ್ದವನಿಗೆ ತಿರುಗೇಟು ಕೊಡಬೇಕಾದಾಗ. ಆದರೆ ಅದು ಕ್ರಿಸ್ತನ ಅನುಯಾಯಿಗೆ ಒಪ್ಪುವ ನಡತೆಯಲ್ಲವೆಂದು ತಾನೇ ಒಪ್ಪಿಕೊಂಡ. ಇನ್ನೊಂದು, ಆ ಮನುಷ್ಯ ಊರಿಗೇ ಪೀಡೆಯಾಗಿದ್ದಾಗ.

ಕಸುಬಿನ ಬಗ್ಗೆ ಅವನು ಕೊಟ್ಟ ಹೋಲಿಕೆ ನೆತ್ತರ ವಾಸನೆಯದು. ಆ ಕಾಲದ ಲಂಡನ್ನಿಗೆ ಜಾಕ್ ಕೆಚ್ ಎಂಬ ಕೊಲೆಗಡುಕನಲ್ಲದ ಕೊಲೆಗಾರ ಗೊತ್ತಿದ್ದ. ಸರ್ಕಾರಿ ಸಂಬಳದ ವಧಕಾರ. 1683ರಲ್ಲಿ ಲಾರ್ಡ್ ರಸೆಲ್‌ನ ತಲೆ ತೆಗೆಯಲು, 1685ರಲ್ಲಿ ಮನ್ಮತ್‌ನ ಡ್ಯೂಕ್‌ನ ತಲೆ ತೆಗೆಯಲು ಅವನಿಗೆ ಒಂದು ಏಟು ಸಾಲದೆ ಕೊಚ್ಚಿ ಕೊಚ್ಚಿ ಹಾಕಿದ್ದನ್ನು ಕಂಡು, ನೋಡುತ್ತಿದ್ದವರೇ ರೊಚ್ಚಿಗೆದ್ದಿದ್ದರು. ಇನ್ನೊಬ್ಬನನ್ನು ಮೂರ್ಖ, ಧೂರ್ತ ಎಂದು ಕೂಗುವುದು ಹಾಗೆ ಕೊಚ್ಚಿದಂತೆ. ಆ ಮಾತುಗಳಲ್ಲಿ ಒಂದನ್ನೂ ಆಡದೆ ಅವನನ್ನು ಹಾಗೆ ಕಾಣಿಸುವುದು, ತಲೆ ಹಾರಿದರೂ ಮುಂಡದ ಮೇಲೇ ಕೂತಿರುವಂತೆ ನವಿರಾಗಿ ಕತ್ತಿ ಬೀಸಿದಂತೆ ಎಂದ ಡ್ರೈಡನ್.

ಉದಾಹರಣೆಗೆ ತನ್ನದೇ ಒಂದು ಚಿತ್ರ ತೋರಿಸಿದ. ಬಕಿಂಗ್‌ಹ್ಯಾಮ್‌ನ ಡ್ಯೂಕ್ 1671ರಲ್ಲಿ ‘ದಿ ರಿಹರ್ಸಲ್’ ಎಂಬ ಪ್ರಹಸನದಲ್ಲಿ ಬೇಸ್ ಎಂಬ ಜಂಬದ ಕವಿಯ ಪಾತ್ರ ಸೃಷ್ಟಿಸಿ ಡ್ರೈಡನ್ನನನ್ನು ರಂಗದ ಮೇಲೆ ಕುಣಿಸಿದ್ದ. ಡ್ರೈಡನ್ ಹತ್ತು ವರ್ಷ ಮಾತಾಡಲಿಲ್ಲ. 1681ರ ‘ಅಬ್ಸಲಂ ಅಂಡ್ ಅಕಿಟೊಫೆಲ್’ ಕಾವ್ಯದಲ್ಲಿ ಝಿಮ್ರಿ ಎಂಬ ಪಾತ್ರವಾಗಿ ಬಕಿಂಗ್‌ಹ್ಯಾಮ್ ಬಂದ: ಎಲ್ಲಕ್ಕೂ ಕೈಹಾಕಿ ಯಾವುದನ್ನೂ ಮುಗಿಸದ, ಒಬ್ಬನಾಗಿದ್ದೂ ಹತ್ತಾಗಲು ಹೊರಟ ಚಪಲಚಿತ್ತ. ದೊಡ್ಡ ಪಾಪಗಳನ್ನು ಎತ್ತಿ ಆಡಿದ್ದರೆ ಬೈಗುಳವಾಗುತ್ತಿತ್ತು. ಸಣ್ಣ ತಿಕ್ಕಲುಗಳನ್ನು ಮಾತ್ರ ಹಿಡಿದದ್ದರಿಂದ ಅವನಿಗೂ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ ಎಂದು ಡ್ರೈಡನ್ ತೃಪ್ತಿಯಿಂದ ಬರೆದುಕೊಂಡ. ಇಬ್ಬರಿಗೂ ಒಬ್ಬರಿಗೊಬ್ಬರು ಯಾರೆಂದು ಗೊತ್ತಿತ್ತು. ಬಹುಶಃ ಅದಕ್ಕೇ ಆ ಜಗಳದಲ್ಲಿ ದೊಣ್ಣೆ ಬರಲಿಲ್ಲ.

ತಿದ್ದುವುದೋ, ನೋಯಿಸುವುದೋ

1711ರ ಮಾರ್ಚ್‌ನಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯ 23ನೇ ಸಂಚಿಕೆಯನ್ನು ಜೋಸೆಫ್ ಅಡಿಸನ್ ಇದೇ ವಿಷಯಕ್ಕೆ ಮೀಸಲಿಟ್ಟ. ಲ್ಯಾಂಪೂನುಗಳು ವಿಷ ಸವರಿದ ಬಾಣಗಳು. ಗಾಯ ಮಾಡುವುದಷ್ಟೇ ಅಲ್ಲ, ಮಾಯದಂತೆಯೂ ಮಾಡುತ್ತವೆ ಎಂಬುದು ಅವನ ನೋವು. ಕೆರೆಯ ದಂಡೆಯಲ್ಲಿ ಕೂತು ಕಪ್ಪೆಗಳಿಗೆ ಕಲ್ಲೆಸೆಯುವ ಹುಡುಗರ ಹಳೆಯ ನೀತಿಕತೆಯೊಂದಿಗೆ ಅವನು ಲೇಖನ ಮುಗಿಸುತ್ತಾನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆ ಗೊತ್ತಿರುವವರಿಗೆ ಆ ಕಪ್ಪೆ ಏನು ಹೇಳಿತೆಂದು ವಿವರಿಸಬೇಕಿಲ್ಲ.

1755ರಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಮಹಾನಿಘಂಟಿನಲ್ಲಿ ಈ ಪದವನ್ನು ಎರಡು ತಕ್ಕಡಿಗಳಲ್ಲಿ ತೂಗಿದ. ಒಂದು ಗುರಿಯ ತಕ್ಕಡಿ: ವಿಡಂಬನೆ ಮಾತಾಡುವುದು ಎಲ್ಲರ ದೋಷದ ಬಗ್ಗೆ, ಲ್ಯಾಂಪೂನ್ ಒಬ್ಬನನ್ನೇ ಬೆರಳಿಟ್ಟು ತೋರಿಸುತ್ತದೆ. ಇನ್ನೊಂದು ಉದ್ದೇಶದ ತಕ್ಕಡಿ: ವಿಡಂಬನೆಗೆ ತಿದ್ದುವ ಆಸೆ, ಲ್ಯಾಂಪೂನಿಗೆ ಕಾಡುವ ಆಸೆ. ಜನ ಎರಡನ್ನೂ ಕಲಸಿಬಿಡುತ್ತಾರೆಂದು ಗೊಣಗುವುದನ್ನೂ ಆತ ಮರೆಯಲಿಲ್ಲ.

ಇಂಗ್ಲಿಷಿನಲ್ಲಿ ನಗೆಯಾಡುವುದಕ್ಕೆ ಪದಗಳು ಹಲವಿವೆ, ಒಂದೊಂದಕ್ಕೂ ಅದರದೇ ಬಾಗಿಲು. ಪ್ಯಾರಡಿಗೆ ಮೂಲ ಕೃತಿಯೊಂದು ಬೇಕು. ಅದರ ಧಾಟಿ ಗೊತ್ತಿಲ್ಲದವನಿಗೆ ಅಣಕವಾಡು ನಗು ತರಿಸುವುದಿಲ್ಲ. ಕ್ಯಾರಿಕೇಚರ್ ಗೆರೆಯ ಕೆಲಸ, ಇದ್ದ ಮೂಗನ್ನು ಗೇಣುದ್ದ ಎಳೆಯುವುದು. ಸ್ಪೂಫ್ ನಿರುಪದ್ರವಿ, ಆರ್ಥರ್ ರಾಬರ್ಟ್ಸ್ ಎಂಬ ಹಾಸ್ಯನಟ 19ನೇ ಶತಮಾನದ ಕೊನೆಯಲ್ಲಿ ಹುಟ್ಟುಹಾಕಿದ ಆಟವೊಂದರ ಹೆಸರು ಅದು. ಮಾಕ್ ಎಂಬುದಕ್ಕೆ ಏನೂ ಬೇಕಿಲ್ಲ. ಹುಡುಗನೊಬ್ಬ ಬೀದಿಯಲ್ಲಿ ನಾಲಿಗೆ ಚಾಚಿದರೂ ಆಯಿತು. ಲ್ಯಾಂಪೂನಿಗೆ ರಚನೆ ಬೇಕು: ಪದ್ಯವೋ ಪ್ರಹಸನವೋ ಚಿತ್ರವೋ, ಕಟ್ಟಿದ್ದೊಂದು ಇರಲೇಬೇಕು. ಬರಿಯ ಕೊಂಕುನಗೆ ಲ್ಯಾಂಪೂನ್ ಆಗದು.

ಇನ್ನೂ ಒಂದು ಷರತ್ತಿದೆ. ಊರಿಗೆ ಪರಿಚಯವಿಲ್ಲದವನ ಮೇಲೆ ಲ್ಯಾಂಪೂನ್ ಬರೆದರೆ ಯಾರು ನಗುತ್ತಾರೆ? ಬಾಣ ತಗಲುವವನ ಹೆಸರು ಎಲ್ಲರಿಗೂ ಗೊತ್ತಿರಬೇಕು, ಬಿಟ್ಟವನ ಹೆಸರು ಯಾರಿಗೂ ಗೊತ್ತಿರಬಾರದು. ಹಳೆಯ ಲ್ಯಾಂಪೂನಿನ ವ್ಯಾಕರಣವೆಲ್ಲ ಈ ಒಂದು ಸೂತ್ರದಲ್ಲಿದೆ.

ಆ ಸೂತ್ರ ಮುರಿದವರು ಬೆಲೆ ತೆತ್ತರು. 1728ರಲ್ಲಿ ಅಲೆಕ್ಸಾಂಡರ್ ಪೋಪ್ ಹೆಸರು ಹಾಕದೆ ‘ಡನ್ಸಿಯಡ್’ ಪ್ರಕಟಿಸಿ ಹತ್ತಾರು ಲೇಖಕರನ್ನು ದಡ್ಡರ ದರ್ಬಾರಿನಲ್ಲಿ ಕೂರಿಸಿದ. ಬರೆದವನು ಯಾರೆಂಬುದು ಗುಟ್ಟಾಗಿ ಉಳಿಯಲಿಲ್ಲ. ನಾಲ್ಕೂವರೆ ಅಡಿ ಎತ್ತರದ, ಬೆನ್ನು ಬಾಗಿದ ಆ ಕವಿ ಕೆಲಕಾಲ ಬೌನ್ಸ್ ಎಂಬ ತನ್ನ ಭಾರಿ ನಾಯಿಯನ್ನು ಜೊತೆಗಿಟ್ಟುಕೊಂಡು, ಕಿಸೆಯಲ್ಲಿ ಪಿಸ್ತೂಲು ಇಟ್ಟುಕೊಂಡೇ ತಿರುಗಾಡಲು ಹೊರಡುತ್ತಿದ್ದನೆಂದು ಅವನ ಮನೆಯವರೇ ಹೇಳಿದ್ದಾರೆ. ರೋಸ್ ಸ್ಟ್ರೀಟಿನ ನೆನಪು ಕವಿಗಳಿಗೆ ಇನ್ನೂ ಮಾಸಿರಲಿಲ್ಲ.

ಬೀಗರ ಎಲೆಯ ಮುಂದೆ

ಲ್ಯಾಂಪೂನಿಗೆ ಕನ್ನಡದಲ್ಲಿ ಏನೆನ್ನಬೇಕು? ಸಾಮಾನ್ಯವಾಗಿ ನಾವು ‘ವಿಡಂಬನೆ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಸಟೈರಿಗೂ ಅದೇ, ಪ್ಯಾರಡಿಗೂ ಅದೇ. ಜಾನ್ಸನ್ ಗೊಣಗಿದ್ದ ಕಲಸುಮೇಲೋಗರ ನಮ್ಮಲ್ಲೂ ಆಗಿದೆ. ಆಡುಮಾತಿನ ಕನ್ನಡ ಹಾಗೆ ಬಡವಲ್ಲ. ಅಣಕ ಎಂದರೆ ಇನ್ನೊಬ್ಬರಂತೆ ಮಾಡಿ ತೋರಿಸುವುದು. ಮೂದಲಿಕೆ ಎದುರೆದುರೇ ಆಗಬೇಕು. ಕುಮಾರವ್ಯಾಸನ ವೀರರು ಬಾಣ ಹೂಡುವ ಮೊದಲು ಮೂದಲಿಸುತ್ತಾರೆ, ಮರೆಯಲ್ಲಿ ನಿಂತು ಮೂದಲಿಸುವವರಿಲ್ಲ. ಕೊಂಕು ನೇರ ನಡೆಯದ ಮಾತು. ಕುಹಕದ ಒಳಗೆ ಕತ್ತಿ ಇರುತ್ತದೆ. ಗೇಲಿ, ಕುಚೋದ್ಯಗಳಲ್ಲಿ ಆಟವೇ ಹೆಚ್ಚು. ಲೇವಡಿಗೆ ಒಬ್ಬ ಬಲಿ ಬೇಕು. ಲ್ಯಾಂಪೂನಿಗೆ ತೀರ ಹತ್ತಿರದ ಪದ ಇದೇ ಇರಬೇಕು. ಆದರೆ ಲೇವಡಿಯನ್ನು ಯಾರು ಬೇಕಾದರೂ ಬಾಯಲ್ಲೇ ಮಾಡಬಹುದು, ಲ್ಯಾಂಪೂನನ್ನು ಕೂತು ಕಟ್ಟಬೇಕು.

ಕಟ್ಟಿದ ಲೇವಡಿಯೂ ನಮ್ಮಲ್ಲಿದೆ: ಬೀಗರ ಹಾಡು. ಮದುವೆಯ ಊಟದ ಪಂಕ್ತಿಯಲ್ಲಿ ಬೀಗರು ಎಲೆಯ ಮುಂದೆ ಕೂತಿರುತ್ತಾರೆ. ಹೆಣ್ಣಿನ ಕಡೆಯ ಹೆಂಗಸರು ದನಿಯೆತ್ತುತ್ತಾರೆ. ಬೀಗರ ಮೀಸೆ, ಬೀಗಿತ್ತಿಯ ನಡಿಗೆ, ತಂದ ಸೀರೆಯ ಬಣ್ಣ, ಹೋಳಿಗೆ ಮುಗಿಸುವ ವೇಗ, ಕೊಡುವಾಗ ಮುದುಡುವ ಕೈ, ಒಂದನ್ನೂ ಬಿಡುವುದಿಲ್ಲ. ಎಲ್ಲವೂ ವ್ಯಕ್ತಿನಿಂದೆ, ಜಾನ್ಸನ್‌ನ ಮೊದಲ ತಕ್ಕಡಿಯಲ್ಲಿ ಇಟ್ಟರೆ ಅಪ್ಪಟ ಲ್ಯಾಂಪೂನ್. ಆದರೆ ಹಾಡುವವಳು ಅಲ್ಲೇ, ಬಡಿಸುವವರ ಪಕ್ಕದಲ್ಲೇ ನಿಂತಿದ್ದಾಳೆ. ಅವಳು ಇಂಥವರ ಮನೆಯವಳೆಂದು ಪಂಕ್ತಿಗೆಲ್ಲ ಗೊತ್ತು. ಆ ಕಡೆಯ ಅತ್ತೆಯೊಬ್ಬಳು ಕೈ ತೊಳೆಯುವುದಕ್ಕೂ ಕಾಯದೆ ತಿರುಗಿ ಹಾಡುತ್ತಾಳೆ. ನಾಳೆ ಇವರಿಬ್ಬರೂ ಒಂದೇ ತೊಟ್ಟಿಲ ಮುಂದೆ ನಿಂತು ಹಾಡಬೇಕಾದವರು. ಅಷ್ಟು ಗೊತ್ತಿರುವುದರಿಂದ ನಾಲಿಗೆ ಎಷ್ಟು ಹರಿದರೂ ಒಂದು ಗೆರೆಯ ಆಚೆ ಹೋಗುವುದಿಲ್ಲ. ಹೋದರೆ ಹಿರಿಯರೊಬ್ಬರು ‘ಸಾಕು ಬಿಡ್ರವ್ವ’ ಎನ್ನುತ್ತಾರೆ.

‘ಕೊರವಂಜಿ’ ಎಂಬ ಹೆಸರಿನಲ್ಲೂ ಇದೇ ವಿವೇಕವಿದೆ. ‘ರಾಶಿ’ ಎಂದು ನಾಡಿಗೆ ಗೊತ್ತಿರುವ ವೈದ್ಯ ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಈ ಹಾಸ್ಯ ಮಾಸಿಕ 25 ವರ್ಷ ಕನ್ನಡಿಗರನ್ನು ನಗಿಸಿ 1967ರಲ್ಲಿ ನಿಂತಿತು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಅದಕ್ಕೆ ಚಿತ್ರ ಬರೆದುಕೊಟ್ಟಿದ್ದರು. ಕೊರವಂಜಿ ಎಂದರೆ ಕಣಿ ಹೇಳುವವಳು. ಅವಳು ನಿಮ್ಮ ಜಗುಲಿಯ ಮೇಲೆ ಕೂತು, ನಿಮ್ಮ ಕೈಯನ್ನೇ ಹಿಡಿದುಕೊಂಡು, ನಿಮ್ಮ ಹುಳುಕನ್ನು ನಿಮಗೇ ಹೇಳುತ್ತಾಳೆ. ಹೇಳಿ ಓಡಿಹೋಗುವುದಿಲ್ಲ, ಮೊರಕ್ಕೆ ಅಕ್ಕಿ ಬೀಳುವ ತನಕ ಅಲ್ಲೇ ಇರುತ್ತಾಳೆ.

ಫಲಕವೇರಿದ ಪದ

ಲ್ಯಾಂಪೂನ್ ಕೂಡ ಕೊನೆಗೆ ಮುಸುಕು ತೆಗೆಯಿತು, ಅದೂ ಕಡಲಾಚೆ. 1876ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಏಳು ಮಂದಿ ವಿದ್ಯಾರ್ಥಿಗಳು ‘ಪಂಚ್’ ಪತ್ರಿಕೆಯನ್ನು ಮಾದರಿಯಾಗಿಟ್ಟುಕೊಂಡು ‘ಹಾರ್ವರ್ಡ್ ಲ್ಯಾಂಪೂನ್’ ಶುರುಮಾಡಿದರು. ಇನ್ನೂರು ವರ್ಷ ಯಾರೂ ತನ್ನದೆಂದು ಒಪ್ಪಿಕೊಳ್ಳದಿದ್ದ ಬರಹದ ಹೆಸರನ್ನು ಈ ಹುಡುಗರು ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಹಾಕಿಕೊಂಡರು. ಮುಂದೆ ಪತ್ರಿಕಾ ದೊರೆಯಾದ ವಿಲಿಯಂ ರಾಂಡಾಲ್ಫ್ ಹರ್ಸ್ಟ್, ತತ್ತ್ವಜ್ಞಾನಿಯಾದ ಜಾರ್ಜ್ ಸಾಂತಾಯನ, ಕಾದಂಬರಿಕಾರ ಜಾನ್ ಅಪ್ಡೈಕ್, ಟಿ.ವಿ. ನಿರೂಪಕ ಕೊನಾನ್ ಒಬ್ರಿಯನ್ ಇಲ್ಲಿ ನಗಿಸುವುದನ್ನು ಕಲಿತರು. ಅಲ್ಲಿಂದಲೇ ಹೊರಟ ಕೆಲವರು 1970ರಲ್ಲಿ ‘ನ್ಯಾಷನಲ್ ಲ್ಯಾಂಪೂನ್’ ಮಾಸಿಕ ತಂದರು. 1978ರಲ್ಲಿ ಆ ಹೆಸರಿನಡಿ ಬಂದ ‘ಅನಿಮಲ್ ಹೌಸ್’ ಸಿನಿಮಾ ಹಣದ ಹೊಳೆ ಹರಿಸಿತು. ಇವತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಮಂತ್ರಿಯೊಬ್ಬರನ್ನು ಲ್ಯಾಂಪೂನ್ ಮಾಡಿದರೆಂದು ಓದಿದರೆ ಯಾರಿಗೂ ದೊಣ್ಣೆ ನೆನಪಾಗುವುದಿಲ್ಲ. ಹಲ್ಲು ಕಿತ್ತ ಹಾವಿನಷ್ಟು ಸಾಧುವಾಗಿದೆ ಪದ.

ಹಾವಿಗೆ ಪೂರ್ತಿ ಹಲ್ಲಿಲ್ಲವೆಂದೂ ಅಲ್ಲ. 1983ರ ನವೆಂಬರಿನಲ್ಲಿ ‘ಹಸ್ಲರ್’ ಎಂಬ ಅಶ್ಲೀಲ ಮಾಸಿಕ ಕ್ರೈಸ್ತ ಧರ್ಮಪ್ರಚಾರಕ ಜೆರ್ರಿ ಫಾಲ್ವೆಲ್ ಅವರ ಮೇಲೆ ಒಂದು ಅಣಕು ಜಾಹೀರಾತು ಹಾಕಿತು. ಅಣಕಕ್ಕೆ ಬಳಸಿಕೊಂಡದ್ದು ಕಾಂಪಾರಿ ಎಂಬ ಮದ್ಯದ ಜಾಹೀರಾತು ಸರಣಿಯನ್ನು. ಪದ ತನ್ನ ಹುಟ್ಟೂರಿಗೆ ಹೋಗಿ ಬಂದಂತಾಯಿತು. ಫಾಲ್ವೆಲ್‌ರ ತಾಯಿಯನ್ನೂ ಎಳೆದು ತಂದಿದ್ದ ಆ ಪುಟ ಯಾವ ಅಳತೆಯಿಂದಲೂ ಹೇಸಿಗೆಯದ್ದೇ. ಇದು ಅಣಕ, ನಿಜವೆಂದು ತಿಳಿಯಬೇಡಿ ಎಂದು ಕೆಳಗೆ ಸಣ್ಣಕ್ಷರದಲ್ಲಿ ಅಚ್ಚುಹಾಕಿತ್ತು. ಫಾಲ್ವೆಲ್ ಕೋರ್ಟಿಗೆ ಹೋದರು. ಇದನ್ನು ಯಾರೂ ನಿಜವೆಂದು ನಂಬಲಾರರು, ಆದ್ದರಿಂದ ಮಾನಹಾನಿಯಲ್ಲ, ಆದರೆ ಮನಸ್ಸಿಗೆ ನೋವು ಮಾಡಿದ್ದಕ್ಕೆ ಪರಿಹಾರ ಕೊಡಬೇಕು ಎಂದರು ಜ್ಯೂರಿ. 1988ರ ಫೆಬ್ರವರಿ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಪರಿಹಾರವನ್ನೂ ರದ್ದುಮಾಡಿತು. ಸಾರ್ವಜನಿಕ ಬದುಕಿಗೆ ಬಂದವರ ನೋವೊಂದನ್ನೇ ಅಳತೆಗೋಲು ಮಾಡಿಕೊಂಡರೆ ವ್ಯಂಗ್ಯಚಿತ್ರಗಾರರೆಲ್ಲ ಅಂಗಡಿ ಮುಚ್ಚಬೇಕಾಗುತ್ತದೆ ಎಂಬುದು ಮುಖ್ಯ ನ್ಯಾಯಮೂರ್ತಿ ರೆಹ್ನ್‌ಕ್ವಿಸ್ಟ್ ಅವರ ತರ್ಕದ ತಿರುಳು. ಜಾರ್ಜ್ ವಾಷಿಂಗ್ಟನ್ನರನ್ನು ಕತ್ತೆಯಾಗಿ ಬರೆದ ಹಳೆಯ ಚಿತ್ರವನ್ನೂ ಅವರು ನೆನೆದರು.

ಭಾರತದ ಕಾನೂನು ಇಷ್ಟು ಧಾರಾಳಿಯಲ್ಲ. 1860ರ ದಂಡಸಂಹಿತೆಯ 499ನೇ ಕಲಮಿಗೆ ಇದ್ದ ವಿವರಣೆಯೊಂದರ ಪ್ರಕಾರ, ಆಪಾದನೆಯನ್ನು ವ್ಯಂಗ್ಯವಾಗಿ ಹೇಳಿದರೂ ಅದು ಮಾನಹಾನಿ ಆಗಬಹುದಿತ್ತು. ‘ಅಯ್ಯೋ, ಅವರು ಕದಿಯುವವರೇ? ಸತ್ಯಹರಿಶ್ಚಂದ್ರರು!’ ಎಂದು ಕಣ್ಣು ಮಿಟುಕಿಸಿದರೆ ಪಾರಾಗುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ತನ್ನ 356ನೇ ಕಲಮಿನಲ್ಲಿ ಈ ಮಾತನ್ನು ಹಾಗೇ ಉಳಿಸಿಕೊಂಡಿದೆ.

ಫಾಲ್ವೆಲ್ ಮೊಕದ್ದಮೆಯ ನಿಜವಾದ ಕೊನೆಯ ಅಂಕ ತೀರ್ಪಿನ ನಂತರ ನಡೆಯಿತು. ‘ಹಸ್ಲರ್’ ಮಾಲೀಕ ಲ್ಯಾರಿ ಫ್ಲಿಂಟ್ ಮುಖ ಮುಚ್ಚಿಕೊಂಡಿರಲಿಲ್ಲ. ಕೋರ್ಟಿನಲ್ಲಿ ಎದುರಿಗೇ ಇದ್ದ. ವರ್ಷಗಳಾದ ಮೇಲೆ ಇಬ್ಬರೂ ಕಾಲೇಜಿನಿಂದ ಕಾಲೇಜಿಗೆ ಜೊತೆಯಲ್ಲಿ ಹೋಗಿ ಒಂದೇ ವೇದಿಕೆಯಲ್ಲಿ ವಾದ ಮಾಡಿದರು. 2007ರಲ್ಲಿ ಫಾಲ್ವೆಲ್ ತೀರಿಕೊಂಡಾಗ, ಅವರನ್ನು ಗೆಳೆಯನೆಂದು ಕರೆದು ಪತ್ರಿಕೆಯಲ್ಲಿ ಬರೆದವನು ಫ್ಲಿಂಟ್. ಅಷ್ಟು ಹೊಲಸು ಅಣಕದ ಮೇಲೂ ಇದು ಸಾಧ್ಯವಾದದ್ದು, ಬೈದವನು ಯಾರು, ಅವನನ್ನು ಎಲ್ಲಿ ಹುಡುಕಬೇಕು ಎಂಬುದು ಬೈಸಿಕೊಂಡವನಿಗೆ ಗೊತ್ತಿದ್ದರಿಂದ. ಮುಖವಿಲ್ಲದವನ ಜೊತೆ ಜಗಳವನ್ನೂ ಮುಗಿಸಲಾಗುವುದಿಲ್ಲ, ರಾಜಿಯನ್ನೂ ಆಗಲಾಗುವುದಿಲ್ಲ.

ಈಗ ಜೂಲಿಯನ್‌ನ ಕಿಸೆ ಎಲ್ಲರ ಕೈಯಲ್ಲೂ ಬೆಳಗುತ್ತಿದೆ. ‘ಟ್ರೋಲ್ ಮಾಡು’ ಎಂಬುದು ಕನ್ನಡದ್ದೇ ಕ್ರಿಯಾಪದವಾಗಿದೆ. ಅಧಿಕಾರದಲ್ಲಿರುವವರ ಸುಳ್ಳನ್ನು ಒಂದು ಚಿತ್ರದಲ್ಲಿ ಬಯಲುಮಾಡುವ ಅನಾಮಿಕರಲ್ಲಿ ಪಾಸ್ಕ್ವಿನೋನ ವಂಶದವರಿದ್ದಾರೆ. ಅವರ ಮುಸುಕು ಅವರಿಗೆ ಬೇಕು. ಆದರೆ ಪರೀಕ್ಷೆಯಲ್ಲಿ ನಪಾಸಾದ ಹುಡುಗಿ, ಸಭೆಯಲ್ಲಿ ತಡವರಿಸಿದ ಮೇಷ್ಟ್ರು, ವರದಿಗಾರನ ಮೈಕಿಗೆ ಏನೋ ಒಂದು ಹೇಳಿಬಿಟ್ಟ ತರಕಾರಿ ಮಾರುವ ಅಜ್ಜಿ, ಇವರನ್ನು ಹಿಡಿದು ಲಕ್ಷ ಜನರ ಮುಂದೆ ಕುಣಿಸುವವರಿಗೆ ಯಾವ ದೊರೆಯ ಭಯ? ಹಳೆಯ ಲ್ಯಾಂಪೂನಿಗೆ ಊರಿಗೆಲ್ಲ ಗೊತ್ತಿದ್ದ ಗುರಿಯಾದರೂ ಬೇಕಿತ್ತು. ಹೊಸದು ಯಾರಿಗೂ ಗೊತ್ತಿಲ್ಲದವರನ್ನು ಹಿಡಿದು, ಹೊಡೆಯುವುದಕ್ಕೆಂದೇ ಪ್ರಸಿದ್ಧರನ್ನಾಗಿ ಮಾಡುತ್ತದೆ.

ಕೋವೆಂಟ್ ಗಾರ್ಡನ್ನಿನ ರೋಸ್ ಸ್ಟ್ರೀಟಿನಲ್ಲಿ ‘ಲ್ಯಾಂಬ್ ಅಂಡ್ ಫ್ಲ್ಯಾಗ್’ ಎಂಬ ಹಳೆಯ ಪಬ್ ಇದೆ. ಡ್ರೈಡನ್ ಪೆಟ್ಟು ತಿಂದ ಓಣಿ ಅದರ ಮಗ್ಗುಲಲ್ಲೇ. ಆ ರಾತ್ರಿಯ ನೆನಪಿಗೆ ಅಲ್ಲೊಂದು ಫಲಕ ಹಾಕಿದ್ದಾರೆ. ಮಹಡಿಯ ಕೋಣೆಗೆ ಕವಿಯ ಹೆಸರಿಟ್ಟಿದ್ದಾರೆ. ಸಂಜೆ ಕೆಲಸ ಮುಗಿಸಿ ಬಂದವರು ಅಲ್ಲಿ ಲೋಟ ಹಿಡಿದು, ತಮ್ಮ ಮೇಲಧಿಕಾರಿಯನ್ನೋ ಪ್ರಧಾನಿಯನ್ನೋ ಗೇಲಿ ಮಾಡಿ ನಗುತ್ತಾರೆ. ಕುಡಿಯೋಣ ಎಂಬ ಸೊಲ್ಲಿನಿಂದ ಹೊರಟ ಪದ ಮತ್ತೆ ಮದ್ಯದ ಮೇಜಿಗೇ ಬಂದಿದೆ. ನಗುವವರು ಯಾರೆಂದು ಪಕ್ಕದಲ್ಲಿ ಕೂತವರಿಗೆ ಕಾಣುತ್ತದೆ. ಹೊಡೆದ ಮೂವರು ಯಾರು, ಹೊಡೆಸಿದವರು ಯಾರು ಎಂಬುದು ಮಾತ್ರ ಇವತ್ತಿಗೂ ಪತ್ತೆಯಾಗಿಲ್ಲ. ಅಕ್ಕಸಾಲಿಗನ ಬಳಿ ಇಟ್ಟಿದ್ದ ಆ 50 ಪೌಂಡ್ ಕೇಳಿಕೊಂಡು ಯಾರೂ ಬರಲಿಲ್ಲ.